ಸ್ಕೂಟರಿನ ಪಕ್ಕ ಓಡಿದ ನಾಯಿ

ಮಾವ ಭಾಲ್ಕಿ ಬಿಟ್ಟು ಬೀದರಿನ ನಮ್ಮ ಮನೆಗೆ ಬಂದಾಗ ಅವರ ಜೊತೆ ಒಂದು ಟ್ರಂಕು, ಒಂದು ಹಳೆಯ ಸ್ಕೂಟರು ಮತ್ತು ಒಂದು ನಾಯಿ ಬಂದವು. ಅತ್ತೆ ತೀರಿಕೊಂಡು ಆರು ತಿಂಗಳಾಗಿತ್ತು. ನನ್ನ ಗಂಡ ಇಲ್ಲಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಪ್ರತಿ ಭಾನುವಾರ ಭಾಲ್ಕಿಗೆ ಹೋಗಿ, ನಮ್ಮ ಜೊತೆ ಬಂದು ಇರಿ ಎಂದು ಅಪ್ಪನನ್ನು ಕೇಳುತ್ತಿದ್ದರು. ಕೊನೆಗೆ ಮಾವ ಒಪ್ಪಿದರು, ನಾಯಿಯನ್ನೂ ಕರೆತರುವುದಾದರೆ ಮಾತ್ರ ಎಂದರು. ಗಂಡ ನನ್ನನ್ನು ಕೇಳದೆಯೇ ಹೂಂ ಎಂದು ಬಂದರು.

ನನಗೆ ನಾಯಿಗಳೆಂದರೆ ಭಯ. ಏಳು ವರ್ಷದವಳಿದ್ದಾಗ ಕಮಠಾಣದ ಅಜ್ಜಿಯ ಮನೆಯ ಓಣಿಯಲ್ಲಿ ಒಂದು ನಾಯಿ ಮೊಣಕಾಲಿನ ಹಿಂದೆ ಕಚ್ಚಿತ್ತು. ಆಗೆಲ್ಲ ಹೊಕ್ಕುಳ ಸುತ್ತ ಚುಚ್ಚುಮದ್ದು ಹಾಕುತ್ತಿದ್ದರು. ಅದನ್ನು ಮರೆಯುವುದು ಸುಲಭವಲ್ಲ. ಮುಂದೆ ನಾನೇ ಚುಚ್ಚುಮದ್ದು ಹಾಕುವ ಕೆಲಸಕ್ಕೆ ಸೇರಿದೆ. ಔರಾದ ಕಡೆಯ ಒಂದು ಹಳ್ಳಿಯ ಉಪಕೇಂದ್ರದಲ್ಲಿ ಆರೋಗ್ಯ ಸಹಾಯಕಿಯಾಗಿದ್ದೇನೆ. ದಿನಾ ಬೆಳಿಗ್ಗೆ ಬೀದರಿನಿಂದ ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತೇನೆ. ಗರ್ಭಿಣಿಯರ ತಪಾಸಣೆ, ಕೂಸುಗಳ ಲಸಿಕೆ, ಕೆಮ್ಮು ನೆಗಡಿ ನನ್ನ ಕೆಲಸ. ನಾಯಿಯ ವಿಷಯಕ್ಕೂ ನನಗೂ ಇದ್ದ ಸಂಬಂಧ, ಕಚ್ಚಿಸಿಕೊಂಡವರನ್ನು ದೊಡ್ಡ ಆಸ್ಪತ್ರೆಗೆ ಕಳಿಸುವುದಷ್ಟೇ.

ಬಂದದ್ದು ಸಣ್ಣ ನಾಯಿಯೂ ಅಲ್ಲ. ಡಾಬರ್‌ಮನ್. ಕಪ್ಪು ಮೈ, ಹುಬ್ಬಿನ ಮೇಲೆ ಎರಡು ಕಂದು ಚುಕ್ಕೆ, ನನ್ನ ಸೊಂಟದ ತನಕ ಬರುವ ಎತ್ತರ. ಮಾವ ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ನಿವೃತ್ತಿಯ ವರ್ಷ ಉದಗೀರ ಮಾರ್ಗದ ಇನ್ನೊಬ್ಬ ಡ್ರೈವರು ಎರಡು ತಿಂಗಳ ಮರಿಯನ್ನು ಅವರ ಕೈಗೆ ಕೊಟ್ಟಿದ್ದರಂತೆ. ನಮ್ಮಲ್ಲಿಗೆ ಬಂದಾಗ ಅದಕ್ಕೆ ಐದು ವರ್ಷ ತುಂಬಿತ್ತು. ಮೊದಲ ವಾರ ನಾನು ಅಂಗಳದಲ್ಲಿ ಬಟ್ಟೆ ಒಣಗಿಸಲು ಹೋಗುವಾಗ ಮಾವ ಅದರ ಕೊರಳಪಟ್ಟಿ ಹಿಡಿದು ನಿಲ್ಲುತ್ತಿದ್ದರು. ಅದು ನನ್ನನ್ನು ನೋಡಿ ಆಕಳಿಸುತ್ತಿತ್ತು, ಅಷ್ಟೇ.

ಮಾವನಿಗೆ ಸಮಯ ಎಂದರೆ ಸಮಯ. ಬೆಳಿಗ್ಗೆ ಐದೂಮುಕ್ಕಾಲಿಗೆ ಸ್ಕೂಟರು ಶುರು ಮಾಡುತ್ತಿದ್ದರು. ಎಡಗೈಯಲ್ಲಿ ಹ್ಯಾಂಡಲ್ ಜೊತೆಗೇ ನಾಯಿಯ ಹಗ್ಗ ಸುತ್ತಿಕೊಂಡು ಜನವಾಡದ ರಸ್ತೆಗೆ ಬಿಡುತ್ತಿದ್ದರು. ಹೋಗುವುದು ಮೂರು ಕಿಲೋಮೀಟರು, ಬರುವುದು ಮೂರು. ನಾಯಿ ಪಕ್ಕದಲ್ಲಿ ಓಡಬೇಕು. ಭಾಲ್ಕಿಯಲ್ಲಿ ಅದು ಎಂಟು ತಿಂಗಳ ಮರಿಯಾಗಿದ್ದಾಗಿನಿಂದಲೂ ಹೀಗೇ. ಈ ಜಾತಿಯ ನಾಯಿಯನ್ನು ಕಟ್ಟಿಹಾಕಿದರೆ ತಲೆ ಕೆಡುತ್ತದೆ, ಓಡಿಸಿದಷ್ಟೂ ಗಟ್ಟಿಯಾಗುತ್ತದೆ ಎಂದು ಅವರ ನಂಬಿಕೆ. ರಸ್ತೆಬದಿಯ ಚಹಾದಂಗಡಿಯವರು ಕೈಯೆತ್ತಿ ಶಾಭಾಸ್ ಅನ್ನುತ್ತಿದ್ದರು. ಬೀದರಿಗೆ ಬಂದ ಮೇಲೆ ಮಾವನಿಗೆ ಪರಿಚಯವಾದ ಜನರೆಲ್ಲ ಹೀಗೆ ನಾಯಿಯಿಂದ ಪರಿಚಯವಾದವರೇ. ಹೆಂಡತಿಯನ್ನು ಕಳಕೊಂಡ ಮನುಷ್ಯ ಬೆಳಿಗ್ಗೆ ಹುರುಪಿನಿಂದ ಏಳುತ್ತಾನಲ್ಲ ಎಂದು ನಾವೂ ಸುಮ್ಮನಿದ್ದೆವು.

ಮರು ವರ್ಷದ ಏಪ್ರಿಲ್‌ನಲ್ಲಿ ಒಂದು ದಿನ ಗ್ಯಾಸ್ ಸಿಲಿಂಡರಿನವನಿಗಾಗಿ ಕಾದು ಅವರು ಹೊರಡುವುದು ತಡವಾಯಿತು. ನಾನು ಒಂಬತ್ತರ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಜನವಾಡಕ್ಕೆ ಇನ್ನೂ ದೂರವಿರುವಾಗ ಎದುರಿನಿಂದ ನಮ್ಮ ಸ್ಕೂಟರು ಬಂತು. ಮಾವ ಟೋಪಿ ಹಾಕಿಕೊಂಡು ನೆಟ್ಟಗೆ ಕೂತಿದ್ದರು. ನಾಯಿಯ ನಾಲಿಗೆ ಪಕ್ಕಕ್ಕೆ ಜೋತುಬಿದ್ದು ಹಲಗೆಯಂತೆ ಅಗಲವಾಗಿತ್ತು, ಬಾಯಿಯ ಮೂಲೆ ಕಿವಿಯ ತನಕ ಎಳೆದಿತ್ತು. ಅದು ಓಡುತ್ತಿದ್ದದ್ದು ಹುರುಪಿನಿಂದಲ್ಲ, ಹಗ್ಗ ಮುಂದೆ ಹೋಗುತ್ತಿದೆ ಎಂಬ ಕಾರಣಕ್ಕೆ ಎಂದು ನನಗೆ ಅನ್ನಿಸಿತು. ಬಸ್ಸು ದಾಟಿ ಹೋಯಿತು.

ಸಂಜೆ ಮನೆಗೆ ಬಂದಾಗ ನಾಯಿ ಮುಂಗಾಲು ಊರದೆ ಮೂಲೆಯಲ್ಲಿ ಮಲಗಿತ್ತು. ಅಂಗಾಲಿನ ಮೆತ್ತೆಗಳಲ್ಲಿ ಮೂರು ಬೊಬ್ಬೆ ಎದ್ದು ಒಡೆದಿದ್ದವು. ಡಾಂಬರು ಸುಟ್ಟಿತ್ತು. ಮಾವ ಏನು ಮಾಡುವುದೆಂದು ತಿಳಿಯದೆ ಕೊಬ್ಬರಿ ಎಣ್ಣೆಯ ಸೀಸೆ ಹಿಡಿದು ಕೂತಿದ್ದರು. ಕೂಸುಗಳ ಸುಟ್ಟಗಾಯ ನೋಡಿದ ಕೈ ನನ್ನದು. ಭಯ ನೆನಪಾಗುವ ಮೊದಲೇ ನಾನು ಅದರ ಕಾಲನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ತೊಳೆಯುತ್ತಿದ್ದೆ. ಮದ್ದು ಹಚ್ಚಿ, ಬಟ್ಟೆ ಸುತ್ತಿ, ಮೇಲೆ ಗಂಡನ ಹಳೆಯ ಕಾಲುಚೀಲ ತೊಡಿಸಿದೆ. ಅದು ಒಮ್ಮೆ ಮಾತ್ರ ಕಾಲು ಎಳೆದುಕೊಂಡಿತು. ಆಮೇಲೆ ಮೂತಿಯನ್ನು ನನ್ನ ಮೊಣಕೈ ಮೇಲೆ ಇಟ್ಟಿತು. ಆ ದಿನದಿಂದ ಅಂಗಳಕ್ಕೆ ಹೋಗಲು ನನಗೆ ಯಾರೂ ಅದನ್ನು ಹಿಡಿದು ನಿಲ್ಲಬೇಕಾಗಲಿಲ್ಲ.

ಗಾಯ ಹದಿನೈದು ದಿನಕ್ಕೆ ಮಾಯಿತು. ಬಿಸಿಲೇರಿದ ಮೇಲೆ ಹೊರಗೆ ಒಯ್ಯಬೇಡಿ ಎಂದೆ, ಮಾವ ಒಪ್ಪಿದರು. ಸ್ಕೂಟರು ಬೇಡ ಎಂದೂ ಹೇಳಿದೆ. ಮಾರನೆಯ ದಿನದಿಂದ ಐದೂವರೆಗೇ ಸ್ಕೂಟರು ಶುರು ಮಾಡಿದರು.

ಮಳೆಗಾಲದಲ್ಲಿ ಕೆಮ್ಮು ಶುರುವಾಯಿತು. ಬೆಳಿಗ್ಗೆ ಎದ್ದಾಗ ಎರಡು ಸಲ, ಓಡಿ ಬಂದ ಮೇಲೆ ನಾಲ್ಕು ಸಲ. ಮೃದುವಾದ, ಒದ್ದೆ ಒದ್ದೆಯಾದ ಕೆಮ್ಮು. ಕೊನೆಗೆ ಏನೋ ಕಕ್ಕುವ ಹಾಗೆ ಕತ್ತು ಚಾಚುತ್ತಿತ್ತು, ಏನೂ ಬರುತ್ತಿರಲಿಲ್ಲ. ಮೂಳೆಯ ಚೂರು ಸಿಕ್ಕಿರಬೇಕು ಎಂದು ಮಾವ ಅನ್ನದ ಉಂಡೆ ನುಂಗಿಸಿದರು. ಅರಿಶಿನ ಹಾಕಿದ ಹಾಲು ಕುಡಿಸಿದರು. ಹವಾ ಬದಲಾಗಿದೆ, ಹೋಗುತ್ತದೆ ಎಂದರು. ಆಮೇಲೆ ನಾಯಿ ರಸ್ತೆಯಲ್ಲಿ ಒಮ್ಮೊಮ್ಮೆ ನಿಂತುಬಿಡುತ್ತದೆ ಎಂದು ಹೇಳತೊಡಗಿದರು. ಸೋಮಾರಿತನ ಬಂದಿದೆ, ಬೀದರಿನ ಮನೆಯ ಊಟ ಹೆಚ್ಚಾಗಿದೆ ಎಂದು ಅವರ ದೂರು. ಆದರೆ ನಾಯಿ ದಪ್ಪಗಾಗುತ್ತಿರಲಿಲ್ಲ. ಬೆನ್ನಿನ ಎರಡೂ ಬದಿಯ ಮಾಂಸ ಇಳಿದು ಎಲುಬಿನ ಸಾಲು ಕೈಗೆ ಸಿಗುತ್ತಿತ್ತು. ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟು ಹೋಗುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾನು ಪಡಸಾಲೆಯಲ್ಲಿ ಮೆಂತೆಸೊಪ್ಪು ಬಿಡಿಸುತ್ತಿದ್ದೆ. ನಾಯಿ ಫ್ಯಾನಿನ ಕೆಳಗೆ ಗಾಢ ನಿದ್ದೆಯಲ್ಲಿತ್ತು. ಅದರ ಪಕ್ಕೆ ಏರಿ ಇಳಿಯುವುದನ್ನು ನೋಡುತ್ತ ಕೂತವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಕೆಮ್ಮಿದ ಕೂಸು ಬಂದರೆ ನಾವು ಮೊದಲು ಮಾಡುವ ಕೆಲಸ ಅಂಗಿ ಎತ್ತಿ ಒಂದು ನಿಮಿಷ ಉಸಿರು ಎಣಿಸುವುದು. ಸೊಪ್ಪು ಕೆಳಗಿಟ್ಟು ಗಡಿಯಾರ ನೋಡಿಕೊಂಡು ಎಣಿಸಿದೆ. ನಲವತ್ತೆರಡು. ಕನಸು ಕಾಣುತ್ತಿರಬಹುದು ಎಂದು ಕಾಲು ಗಂಟೆ ಬಿಟ್ಟು ಮತ್ತೆ ಎಣಿಸಿದೆ. ನಲವತ್ತನಾಲ್ಕು.

ನಾಯಿಗೆ ಎಷ್ಟಿರಬೇಕು ಎಂದು ನನಗೆ ಗೊತ್ತಿರಲಿಲ್ಲ. ಹೊರಗೆ ಹೋದೆ. ಎದುರುಮನೆಯ ಬೇವಿನ ಮರದ ಕೆಳಗೆ ಓಣಿಯ ನಾಯಿಯೊಂದು ಮಲಗಿತ್ತು. ಅದರದು ಹದಿನೆಂಟು. ಮಾರನೆಯ ದಿನ ಔರಾದದ ಬಸ್ ನಿಲ್ದಾಣದಲ್ಲಿ ಬೆಂಚಿನ ಕೆಳಗೆ ಮಲಗಿದ್ದ ಹೆಣ್ಣುನಾಯಿಯದು ಇಪ್ಪತ್ತು. ಪಕ್ಕದಲ್ಲಿ ಕೂತಿದ್ದ ಮುದುಕಿ ನಾನು ಗಡಿಯಾರ ಹಿಡಿದು ನಾಯಿ ನೋಡುವುದನ್ನು ಕಂಡು ಸ್ವಲ್ಪ ಆಚೆ ಸರಿದು ಕೂತಳು. ನಾಲ್ಕು ದಿನ ನಮ್ಮ ನಾಯಿ ನಿದ್ದೆ ಮಾಡುವಾಗಲೆಲ್ಲ ಎಣಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಒಮ್ಮೆಯೂ ನಲವತ್ತಕ್ಕಿಂತ ಕಡಿಮೆ ಇರಲಿಲ್ಲ.

ನೋಟ್‌ಬುಕ್ಕನ್ನು ಮಾವನ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಆಮೇಲೆ, ಇದು ನಿಮ್ಮ ಲಸಿಕೆಯ ಕೂಸಲ್ಲ, ನಾಯಿ, ಉಸಿರು ಹೆಚ್ಚೇ ಇರುತ್ತದೆ ಎಂದರು. ಓಣಿಯ ನಾಯಿಯ ಲೆಕ್ಕ ತೋರಿಸಿದೆ. ಅದಕ್ಕೂ ಇದಕ್ಕೂ ಹೋಲಿಕೆ ಎಲ್ಲಿಯದು ಎಂದು ಎದ್ದು ಹೋದರು. ಗಂಡ ಅಪ್ಪನ ಪರವನ್ನೂ ವಹಿಸಲಿಲ್ಲ, ನನ್ನ ಪರವನ್ನೂ ವಹಿಸಲಿಲ್ಲ. ಭಾನುವಾರ ನೋಡೋಣ ಎಂದರು. ನನಗೆ ಸಿಟ್ಟು ಬಂತು. ಆದರೆ ಬಸ್ಸಿನ ಹೊತ್ತಾಗಿತ್ತು, ಹೋದೆ.

ಆ ಭಾನುವಾರ ನಾಯಿಯ ಬಲ ಮೊಣಕೈ ಹತ್ತಿರ ತರಚಿದ ಗಾಯ ಕಂಡಿತು. ರೂಪಾಯಿ ನಾಣ್ಯದಷ್ಟು ಚರ್ಮ ಹೋಗಿ ಕೆಂಪು ಮಣ್ಣು ಅಂಟಿ ಒಣಗಿತ್ತು. ಎರಡು ದಿನದ ಹಳೆಯ ಗಾಯ. ಮಾವ ಅಂಗಳದಲ್ಲಿ ಸ್ಕೂಟರು ಒರೆಸುತ್ತಿದ್ದರು. ಇದು ಹೇಗಾಯಿತು ಎಂದು ಕೇಳಿದೆ. ಅವರು ಬಟ್ಟೆಯನ್ನು ಹಿಂಡಿದರು, ಮತ್ತೆ ಹಿಂಡಿದರು.

"ಬಿದ್ದದ ಅದು," ಎಂದರು.

"ಹ್ಯಾಂಗ ಬಿತ್ತು ಮಾವಾರ?"

"ಓಡ್ಲತ್ತಿತ್ತು. ಓಡ್ಲಿಕ್ಕೆ ಓಡ್ಲಿಕ್ಕೆ ಕಾಲ ಕಳಕೊಂಡು ಧೊಪ್ ಅಂತ ಬಿತ್ತು. ನನಗ ತಿಳೀಲಿಲ್ಲವ್ವ. ಹಗ್ಗ ಕೈಯಾಗ ಇತ್ತು. ಬ್ರೇಕ್ ಹಾಕೋದ್ರಾಗ ಎರಡು ಮಾರು ಎಳ್ಕೊಂಡು ಹೋಗೀನಿ." ಬಟ್ಟೆಯನ್ನು ಸೀಟಿನ ಮೇಲೆ ಹಾಕಿದರು. "ಮೂವತ್ತು ವರ್ಷ ಬಸ್ ಹೊಡದೀನಿ. ಒಂದು ಕೋಳಿ ಸೈತ ಗಾಲಿ ಕೆಳಗ ಬಂದಿಲ್ಲ."

ನಾಯಿ ಅರ್ಧ ನಿಮಿಷ ಅಲುಗಾಡದೆ ಬಿದ್ದಿತ್ತಂತೆ. ಕಣ್ಣು ತೆರೆದೇ ಇದ್ದವಂತೆ. ಆಮೇಲೆ ಎದ್ದು ಮೈ ಕೊಡವಿ ಏನೂ ಆಗಿಲ್ಲವೆಂಬ ಹಾಗೆ ಬಾಲ ಅಲ್ಲಾಡಿಸಿತಂತೆ. ಮಾವ ಅದನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿ ಕೂರಿಸಿಕೊಂಡು ತಳ್ಳುತ್ತ ಮನೆಗೆ ತಂದಿದ್ದರು. ಎರಡು ದಿನ ಯಾರಿಗೂ ಹೇಳಲಾಗದೆ ಇಟ್ಟುಕೊಂಡಿದ್ದರು. ಹೇಳಿದ ಮೇಲೆ ಅವರ ಮುಖ ಹಗುರವಾದಂತೆ ಕಂಡಿತು. ನಾಯಿಯ ತುಟಿ ಎತ್ತಿ ಒಸಡು ನೋಡಿದೆ. ರಕ್ತಹೀನತೆಯ ಗರ್ಭಿಣಿಯರ ಕಣ್ಣುರೆಪ್ಪೆ ಕೆಳಗೆಳೆದು ನೋಡುವ ಅಭ್ಯಾಸ. ಗುಲಾಬಿ ಇರಬೇಕಾದದ್ದು ಬೂದಿ ಬಣ್ಣಕ್ಕೆ ತಿರುಗಿತ್ತು. ನಾಳೆ ರಜೆ ಹಾಕುತ್ತೇನೆ, ಆಸ್ಪತ್ರೆಗೆ ಹೋಗೋಣ ಎಂದೆ. ಮಾವ ಹೂಂ ಎಂದರು.

ಊರ ಹೊರಗಿನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಆಟೋದಲ್ಲಿ ಹೋದೆವು. ಎಮ್ಮೆ, ಆಡುಗಳ ಸಾಲಿನ ಪಕ್ಕ ನಾಯಿಗಳ ಸಾಲು. ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ನಾನು ನೋಟ್‌ಬುಕ್ಕು ಕೊಟ್ಟೆ. ಅವರು ಓದಿ, ಇದನ್ನು ಬರೆದವರು ಯಾರು ಎಂದು ಕೇಳಿ, ನನ್ನ ಕಡೆ ನೋಡಿ ತಲೆಯಾಡಿಸಿದರು. ನಿದ್ದೆಯಲ್ಲಿರುವ ನಾಯಿ ನಿಮಿಷಕ್ಕೆ ಮೂವತ್ತು ದಾಟಬಾರದು ಎಂದರು. ಸ್ಟೆತಾಸ್ಕೋಪನ್ನು ನಾಯಿಯ ಎಡ ಪಕ್ಕೆಗೆ ಇಟ್ಟು ತುಂಬ ಹೊತ್ತು ಕೇಳಿದರು. ಒಂದು ಕೈ ನಾಯಿಯ ತೊಡೆಯ ಒಳಗಿನ ನಾಡಿಯ ಮೇಲಿತ್ತು. ಬಡಿತ ಇದ್ದಾಗಲೆಲ್ಲ ನಾಡಿ ಸಿಗುತ್ತಿಲ್ಲ, ಕೆಲವು ಬಡಿತ ಖಾಲಿ ಹೋಗುತ್ತಿವೆ ಎಂದರು. ಎಕ್ಸ್‌ರೇ, ಇಸಿಜಿ, ಎಕೋ ಎಲ್ಲ ಆಗುವಷ್ಟರಲ್ಲಿ ಮಧ್ಯಾಹ್ನವಾಯಿತು.

ಎಕೋದ ಪರದೆಯಲ್ಲಿ ಅವರು ನಮಗೆ ಹೃದಯವನ್ನು ತೋರಿಸಿದರು. ಬೂದು ಬಣ್ಣದ ಚೀಲವೊಂದು ಸೋಮಾರಿಯಾಗಿ ಅಲುಗುತ್ತಿತ್ತು. ಗೋಡೆ ತೆಳ್ಳಗಾಗಿ ಹಿಗ್ಗಿದೆ, ರಕ್ತವನ್ನು ಹಿಂಡಿ ತಳ್ಳುವ ಬಲ ಇಲ್ಲ. ತಳ್ಳದೆ ಉಳಿದದ್ದು ಹಿಂದಕ್ಕೆ ನಿಂತು ಶ್ವಾಸಕೋಶದಲ್ಲಿ ನೀರು ಸೇರುತ್ತಿದೆ, ಕೆಮ್ಮು ಅದರಿಂದ. ಬಡಿತದ ತಾಳ ತಪ್ಪಿ ತಲೆಗೆ ರಕ್ತ ಹೋಗದಾದಾಗ ಹಾಗೆ ಬೀಳುತ್ತದೆ. ಮಾವ ಪರದೆಯಿಂದ ಕಣ್ಣು ಕೀಳದೆ, ಪಂಪು ಸಡಿಲಾಗಿದೆ ಅನ್ನಿ ಎಂದರು. ಹಾಗೆಯೇ ಎಂದರು ಡಾಕ್ಟರು. ಆಮೇಲೆ ದಿನಾ ಏನು ವ್ಯಾಯಾಮ ಎಂದು ಕೇಳಿದರು.

ಮಾವ ತಾವೇ ಹೇಳಿದರು. ಸ್ಕೂಟರು, ಹಗ್ಗ, ಆರು ಕಿಲೋಮೀಟರು, ಬಿದ್ದದ್ದು, ಎಳೆದದ್ದು. ಏನನ್ನೂ ಬಿಡಲಿಲ್ಲ. ಕೊನೆಗೆ ಕೇಳಿದರು, "ಖರೇ ಹೇಳ್ರಿ ಡಾಕ್ಟರಬಾಯಿ. ಇದು ನಾ ಮಾಡಿದ್ದಾ?"

ಡಾಕ್ಟರು ಕೈಗವಸು ಕಳಚಿ ಬುಟ್ಟಿಗೆ ಹಾಕಿದರು.

"ರೋಗ ನೀವು ತಂದಿಲ್ಲರಿ ಕಾಕಾ. ಈ ಜಾತಿಗಿ ಇದು ರಕ್ತದಾಗೇ ಬರ್ತದ. ಆದರ ರೋಗ ಇದ್ದಾಗ ಓಡಿಸೀರಿ. ನಾಯಿ ತಾನೇ ಓಡಿದ್ರ ದಮ್ಮು ಹತ್ತಿದಾಗ ನಿಲ್ತದ. ಗಾಡಿಗಿ ಕಟ್ಟಿದ ಮ್ಯಾಲ ಅದು ಹ್ಯಾಂಗ ನಿಲ್ಲಬೇಕು? ಮಾಲಕ ಮುಂದ ಹೊಂಟಾನ ಅಂದ್ರ ಜೀವ ಹೋಗೋತನಕ ಓಡ್ತದ."

ಮಾವ ನಾಯಿಯ ಬೆನ್ನಿನ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದರು. ಇನ್ನೆಷ್ಟು ದಿನ ಎಂದು ನಾನು ಕೇಳಿದೆ. ತಿಂಗಳುಗಳು, ವರ್ಷ ಸಿಕ್ಕರೆ ಅದೃಷ್ಟ, ನಿಂತ ನಿಂತಲ್ಲೇ ಹೋಗಲೂಬಹುದು ಎಂದರು. ಸುಳ್ಳು ಧೈರ್ಯ ಹೇಳಲಿಲ್ಲ. ಅದು ನನಗೆ ಹಿಡಿಸಿತು.

ಮನೆಯ ದಿನಚರಿ ಬದಲಾಯಿತು. ಹೃದಯಕ್ಕೆ ಬಲ ಕೊಡುವ ಮಾತ್ರೆ ಊಟಕ್ಕೆ ಒಂದು ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ. ತಾಳ ಸರಿಯಿಡುವ ಮಾತ್ರೆ ಬೇರೆ. ನೀರು ಇಳಿಸುವ ಮಾತ್ರೆ ಕೊಟ್ಟರೆ ನಾಯಿ ಮೇಲಿಂದ ಮೇಲೆ ಉಚ್ಚೆ ಹೊಯ್ಯುತ್ತದೆ, ಹಾಗೆಂದು ಕುಡಿಯುವ ನೀರನ್ನು ಯಾವ ಕಾರಣಕ್ಕೂ ಕಡಿಮೆ ಮಾಡಬಾರದು ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಉಪ್ಪು ಬಿಡಬೇಕು. ಮಾವ ತಮ್ಮ ತಟ್ಟೆಯಿಂದ ಹಪ್ಪಳ, ಶೇಂಗಾದ ಹಿಂಡಿ ಚಟ್ನಿ, ಮಟನ್ ಸಾರಿನಲ್ಲಿ ಅದ್ದಿದ ರೊಟ್ಟಿ ಕೊಟ್ಟು ಬೆಳೆಸಿದ್ದ ನಾಯಿ ಅದು. ಈಗ ಅದರ ರೊಟ್ಟಿ ಬೇರೆ, ಬೇಯಿಸಿದ ಕೋಳಿ ಬೇರೆ. ಅದು ಊಟದ ಹೊತ್ತಿಗೆ ಮಾವನ ಮೊಣಕಾಲಿಗೆ ಮೂತಿ ಇಟ್ಟು ಕಾಯುತ್ತಿತ್ತು. ಅವರು ಕೊಡಲಾಗದೆ, ತಾವು ತಿನ್ನಲೂ ಆಗದೆ, ಕೊನೆಗೆ ಹಪ್ಪಳ ತಿನ್ನುವುದನ್ನೇ ಬಿಟ್ಟರು.

ಕೊರಳಪಟ್ಟಿ ತೆಗೆದು ಎದೆಗೆ ಹಾಕುವ ಪಟ್ಟಿ ತಂದೆವು, ಕತ್ತು ಬಿಗಿದರೆ ಕೆಮ್ಮು ಹೆಚ್ಚಾಗುತ್ತದೆ ಎಂದು. ನಡಿಗೆಯನ್ನು ಪೂರ್ತಿ ನಿಲ್ಲಿಸಬೇಡಿ ಎಂದಿದ್ದರು ಡಾಕ್ಟರು. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ಸಮತಟ್ಟಾದ ಜಾಗದಲ್ಲಿ, ತಂಪು ಹೊತ್ತಿನಲ್ಲಿ, ಹೊಟ್ಟೆ ತುಂಬಿರುವಾಗ ಬೇಡ. ವೇಗ ನಾಯಿಯದು, ಅದು ನಿಂತರೆ ನಿಲ್ಲಬೇಕು, ಕೆಮ್ಮಿದರೆ ತಿರುಗಬೇಕು. ಕೇಳಲು ಸುಲಭ. ಮಾವನಿಗೆ ಅದು ಎಲ್ಲಕ್ಕಿಂತ ಕಷ್ಟವಾಯಿತು. ಜೀವನವಿಡೀ ಸೀಟಿನಲ್ಲಿ ಕೂತು ದುಡಿದವರು, ಮೊಣಕಾಲು ನೋಯುತ್ತಿತ್ತು. ಮೊದಲ ದಿನ ನಾನೂ ಹೋದೆ. ಓಣಿಯ ಕೊನೆಗೆ ಹೋಗುವಷ್ಟರಲ್ಲಿ ನಾಯಿ ನಾಲ್ಕು ಕಡೆ ನಿಂತು ಮೂಸಿತು. ಮಾವ ಪ್ರತಿ ಸಲವೂ ಹಗ್ಗ ಜಗ್ಗಲು ಕೈ ಎತ್ತಿ, ಮತ್ತೆ ಕೈ ಇಳಿಸುತ್ತಿದ್ದರು. ಒಂದು ಕಡೆ ನಾಯಿ ಕಲ್ಲಿನ ಬುಡವನ್ನು ಮೂಸುತ್ತ ಎರಡು ನಿಮಿಷ ನಿಂತಿತು. ಇಷ್ಟು ವರ್ಷ ಇದಕ್ಕೆ ಏನನ್ನೂ ಮೂಸಲು ಬಿಟ್ಟೇ ಇರಲಿಲ್ಲವಲ್ಲ ಎಂದು ಮಾವ ಹೇಳಿದರು. ಯಾರಿಗೆ ಹೇಳಿದರೋ ಗೊತ್ತಿಲ್ಲ, ನನ್ನ ಕಡೆ ನೋಡುತ್ತಿರಲಿಲ್ಲ.

ಔಷಧ ಹಿಡಿಯಿತು. ಹತ್ತು ದಿನದಲ್ಲಿ ಎಣಿಕೆ ಇಪ್ಪತ್ತಾರಕ್ಕೆ ಇಳಿಯಿತು. ಎಣಿಸುವ ಕೆಲಸವನ್ನು ಮಾವ ನನ್ನಿಂದ ಕಸಿದುಕೊಂಡರು. ಮಧ್ಯಾಹ್ನ ನಾಯಿ ಮಲಗಿದ ಮೇಲೆ ಕುರ್ಚಿ ಎಳೆದುಕೊಂಡು ಗಡಿಯಾರ ಹಿಡಿದು ಕೂರುತ್ತಿದ್ದರು, ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಮಿಕ್ಸರ್ ಹಾಕುವಂತಿರಲಿಲ್ಲ. ಒಮ್ಮೆ ಚಳಿಗಾಲದಲ್ಲಿ ಬೆಳಿಗ್ಗೆ ಮೂವತ್ತೆಂಟಕ್ಕೆ ಏರಿತು. ನಾಯಿ ಮಲಗಲಾಗದೆ ಮುಂಗಾಲು ಅಗಲಿಸಿ ಕೂತೇ ಇತ್ತು. ನಾನು ಡ್ಯೂಟಿಗೆ ಹೊರಟುಬಿಟ್ಟಿದ್ದೆ. ಮಾವ ಕಾಯಲಿಲ್ಲ, ಯಾರನ್ನೂ ಕೇಳಲಿಲ್ಲ. ಡಾಕ್ಟರಿಗೆ ಫೋನು ಮಾಡಿ, ಆಟೋ ಕರೆಸಿ, ಒಬ್ಬರೇ ಕರೆದೊಯ್ದರು. ಸಂಜೆ ನಾನು ಬರುವಷ್ಟರಲ್ಲಿ ನಾಯಿ ಮನೆಯಲ್ಲಿ ಮಲಗಿ ನಿದ್ದೆ ಮಾಡುತ್ತಿತ್ತು. ನೋಟ್‌ಬುಕ್ಕಿನಲ್ಲಿ ಅವರ ದಪ್ಪ ಅಕ್ಷರದಲ್ಲಿ ಎಲ್ಲ ಬರೆದಿತ್ತು.

ಫೆಬ್ರುವರಿಯಲ್ಲಿ ಮಾವನ ಹಳೆಯ ಜೊತೆಗಾರ ಡ್ರೈವರೊಬ್ಬರ ಮಗಳ ಮದುವೆಗೆ ಭಾಲ್ಕಿಗೆ ಹೋಗಿದ್ದೆವು. ಬೆಳಿಗ್ಗೆ ಮದುವೆಮನೆಯ ಮುಂದೆ ಚಹಾ ಕುಡಿಯುತ್ತ ನಿಂತಾಗ ಒಬ್ಬ ವ್ಯಾಪಾರಿ ಮೋಟಾರ್ ಸೈಕಲ್ಲಿನ ಪಕ್ಕ ಲ್ಯಾಬ್ರಡಾರ್ ಮರಿಯನ್ನು ಓಡಿಸಿಕೊಂಡು ಬಂದ. ಐದಾರು ತಿಂಗಳ ಮರಿ. ಆತ ಮಾವನ ಗುರುತಿನವನೇ. ಹಿಂದೆ ಮಾವ ಸ್ಕೂಟರಿನಲ್ಲಿ ಹೋಗುವುದನ್ನು ದಿನಾ ನೋಡುತ್ತಿದ್ದವನು. ಕಾಕಾ, ನಿಮ್ಮಿಂದಲೇ ಕಲಿತದ್ದು ಎಂದು ನಗುತ್ತ ಹೇಳಿದ. ಮಾವ ಚಹಾದ ಕಪ್ಪನ್ನು ಕಟ್ಟೆಯ ಮೇಲಿಟ್ಟು ರಸ್ತೆಗೆ ಇಳಿದು ಗಾಡಿಯ ಮುಂದೆ ನಿಂತರು.

"ಹಗ್ಗ ಬಿಡು," ಎಂದರು. "ನಾ ಕಲಿಸಿದ್ದು ತಪ್ಪದ. ಗಾಡಿಗಿ ಕಟ್ಟಬ್ಯಾಡ. ಇಳಿದು ನಡಿ ಅದರ ಜೋಡಿ."

ಆತ ತಮಾಷೆ ಎಂದುಕೊಂಡ. ಮಾವ ಸರಿಯಲಿಲ್ಲ. ಅಲ್ಲೇ ನಿಂತು ತಮ್ಮ ನಾಯಿಯ ಕಥೆ ಹೇಳಿದರು, ಎರಡು ಮಾರು ಎಳೆದದ್ದನ್ನೂ ಸೇರಿಸಿ. ಮರಿಯ ಎಲುಬು ಇನ್ನೂ ಗಟ್ಟಿಯಾಗಿಲ್ಲ, ಒಂದು ವರ್ಷ ದಾಟುವ ತನಕ ಡಾಂಬರಿನ ಮೇಲೆ ದೂರ ಓಡಿಸಬೇಡ, ಮಣ್ಣಿನಲ್ಲಿ ತಾನೇ ಆಡಲಿ ಎಂದರು. ದೊಡ್ಡದಾದ ಮೇಲೂ ಸ್ವಲ್ಪ ಸ್ವಲ್ಪವೇ ಹೆಚ್ಚಿಸು. ಬಿಸಿಲಿನ ದಿನ ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ನೋಡು, ನಿನಗೆ ತಡೆಯಲಾಗದಿದ್ದರೆ ಅದಕ್ಕೂ ಆಗುವುದಿಲ್ಲ. ವರ್ಷಕ್ಕೊಮ್ಮೆ ಎದೆ ಕೇಳಿಸು. ಮದುವೆಗೆ ಬಂದ ಜನ ಸುತ್ತ ನಿಂತು ಕೇಳುತ್ತಿದ್ದರು. ವ್ಯಾಪಾರಿಗೆ ಮುಜುಗರವಾಯಿತು. ಗಾಡಿಯಿಂದ ಇಳಿದು ಅದನ್ನು ತಳ್ಳುತ್ತ, ಇನ್ನೊಂದು ಕೈಯಲ್ಲಿ ಮರಿ ಹಿಡಿದು ಹೋದ. ತಿರುವು ದಾಟಿದ ಮೇಲೆ ಮತ್ತೆ ಹತ್ತಿರಲೂಬಹುದು. ಅದು ನಮಗೆ ಕಾಣಲಿಲ್ಲ.

ಆಸ್ಪತ್ರೆಗೆ ಮೊದಲು ಹೋದ ದಿನದಿಂದ ಹನ್ನೊಂದು ತಿಂಗಳು ನಾಯಿ ನಮ್ಮ ಜೊತೆ ಇತ್ತು. ಬೇಸಿಗೆ ಮುಗಿಯುತ್ತ ಬಂದ ಹಾಗೆ ಹೊಟ್ಟೆಯಲ್ಲೂ ನೀರು ತುಂಬತೊಡಗಿತು. ಮಾತ್ರೆಯ ಪ್ರಮಾಣ ಎರಡು ಸಲ ಏರಿತು. ನಡಿಗೆ ಅಂಗಳದಿಂದ ಬೇವಿನ ಮರದ ತನಕ ಎಂದಾಯಿತು. ಆದರೂ ಬೆಳಿಗ್ಗೆ ಎದೆಪಟ್ಟಿಯ ಸದ್ದು ಕೇಳಿದರೆ ಬಾಗಿಲಿಗೆ ಬಂದು ನಿಲ್ಲುತ್ತಿತ್ತು.

ಅದು ಹೋದದ್ದು ಒಂದು ಗುರುವಾರ. ನಮ್ಮ ಉಪಕೇಂದ್ರದಲ್ಲಿ ಗುರುವಾರ ಲಸಿಕೆಯ ದಿನ. ಹತ್ತು ಗಂಟೆಗೆ ಗಂಡನ ಫೋನು ಬಂತು. ಬೇವಿನ ಮರದ ಕೆಳಗೆ ನಾಯಿ ಕೂತಿತಂತೆ, ಎಂದಿನಂತೆ ಮಾವನೂ ಕಟ್ಟೆಯ ಮೇಲೆ ಕೂತರಂತೆ. ತಲೆಯನ್ನು ಅವರ ಚಪ್ಪಲಿಯ ಮೇಲೆ ಇಟ್ಟಿತಂತೆ. ಸ್ವಲ್ಪ ಹೊತ್ತಾದ ಮೇಲೆ ಏಳು ಮನೆಗೆ ಹೋಗೋಣ ಎಂದು ಹಗ್ಗ ಅಲುಗಿಸಿದರೆ ಏಳಲಿಲ್ಲವಂತೆ. ನರಳಲಿಲ್ಲ, ಒದ್ದಾಡಲಿಲ್ಲ.

ನನ್ನ ಮುಂದೆ ಒಂಬತ್ತು ಕೂಸುಗಳು, ಅವರ ತಾಯಂದಿರು. ದಡಾರ ಲಸಿಕೆಯ ಸೀಸೆ ಆಗಷ್ಟೇ ತೆರೆದಿದ್ದೆ. ತೆರೆದ ಮೇಲೆ ಇಂತಿಷ್ಟು ಗಂಟೆಯೊಳಗೆ ಹಾಕಿ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ನಾನು ಬರಲು ತಡವಾಗುತ್ತದೆ ಎಂದು ಗಂಡನಿಗೆ ಹೇಳಿ ಫೋನು ಇಟ್ಟೆ. ಒಂಬತ್ತೂ ಕೂಸುಗಳಿಗೆ ಲಸಿಕೆ ಹಾಕಿದೆ, ಕಾರ್ಡು ಬರೆದೆ, ಅರ್ಧ ಗಂಟೆ ಅವರನ್ನು ಕೂರಿಸಿ ನೋಡಿದೆ. ಒಬ್ಬಾಕೆ, ಸಿಸ್ಟರ್, ಯಾಕೆ ಕಣ್ಣು ಕೆಂಪಾಗಿವೆ ಎಂದು ಕೇಳಿದಳು. ಮನೆಯ ನಾಯಿ ಸತ್ತಿದೆ ಎಂದು ಹೇಳಲು ಆ ಹೊತ್ತಿನಲ್ಲಿ ಸಂಕೋಚವಾಯಿತು. ಧೂಳು ಎಂದೆ. ಹಾಗೆ ಹೇಳಿದ್ದಕ್ಕೆ ಇವತ್ತಿಗೂ ನನಗೆ ಬೇಸರವಿದೆ.

ಒಂದೂವರೆಯ ಬಸ್ಸಿಗೆ ಬಂದೆ. ಅವರು ನನಗಾಗಿ ಕಾದಿದ್ದರು. ನಾಯಿಯನ್ನು ಮಾವನ ಬಿಳಿ ಧೋತರದಲ್ಲಿ ಸುತ್ತಿ ಪಡಸಾಲೆಯಲ್ಲಿ ಮಲಗಿಸಿದ್ದರು. ನನ್ನ ಗಂಡನ ತಮ್ಮ ಭಾಲ್ಕಿಯ ಹತ್ತಿರದ ಹಳ್ಳಿಯಲ್ಲಿ ಹೊಲ ಮಾಡಿಕೊಂಡಿದ್ದಾನೆ. ಅವನ ಹೊಲಕ್ಕೇ ಒಯ್ಯೋಣ ಎಂದು ಮಾವ ಹೇಳಿದರು. ಸಾಮಾನು ಸಾಗಿಸುವ ಸಣ್ಣ ಗಾಡಿಯೊಂದನ್ನು ಗೊತ್ತು ಮಾಡಿ ಹೊರಟೆವು. ಹೊಲದ ಬದುವಿನ ಹತ್ತಿರ ಮೈದುನ ಆಗಲೇ ಗುಂಡಿ ತೋಡಿಸಿದ್ದ. ನಮ್ಮದು ಬುದ್ಧನನ್ನು ನಂಬಿದ ಮನೆತನ. ಗಂಡ ವಂದನೆಯ ನಾಲ್ಕು ಸಾಲು ಹೇಳಿದರು. ಅದನ್ನು ನಾಯಿಗೆ ಹೇಳಬಹುದೇ ಎಂದು ಯಾರೂ ಕೇಳಲಿಲ್ಲ. ಮಣ್ಣು ಎಳೆಯುವಾಗ ಮಾವ ಅಳಲಿಲ್ಲ. ಎಲ್ಲ ಮುಗಿದು ಕೈ ತೊಳೆಯುವಾಗ ಅತ್ತರು. ಅತ್ತೆ ಹೋದಾಗ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಎರಡೂ ಸೇರಿ ಬಂತೇನೋ. ಗಂಡ ಪಕ್ಕದಲ್ಲಿ ತಂಬಿಗೆ ಹಿಡಿದು ನಿಂತಿದ್ದರು.

ಮೂರು ವಾರದ ನಂತರ ಮಾವ ಉಳಿದ ಮಾತ್ರೆಗಳನ್ನು ಒಂದು ಚೀಲಕ್ಕೆ ತುಂಬಿದರು. ಒಡೆಯದ ಪಟ್ಟಿಗಳನ್ನಷ್ಟೇ ಆರಿಸಿ, ಅವಧಿ ಇದೆಯೇ ಎಂದು ನನ್ನಿಂದ ನೋಡಿಸಿದರು. ಯಾರಿಗಾದರೂ ಬೇಕಾದೀತು ಎಂದರು. ನಾನು ಬಸ್ಸು ಹಿಡಿಯುವ ಮೊದಲು ಇಬ್ಬರೂ ಆಸ್ಪತ್ರೆಗೆ ಹೋದೆವು. ಡಾಕ್ಟರು ಪಟ್ಟಿಗಳನ್ನು ಒಂದೊಂದಾಗಿ ನೋಡಿ ತೆಗೆದಿಟ್ಟುಕೊಂಡರು. ಇನ್ನೊಂದು ನಾಯಿ ಸಾಕುತ್ತೀರಾ ಎಂದು ಮಾವನನ್ನು ಕೇಳಿದರು. ಈಗಲೇ ಹೇಳಲಾರೆ ಎಂದರು ಮಾವ.

ಹೊರಗೆ ಬೆಂಚಿನ ಮೇಲೆ ವಯಸ್ಸಾದ ಹೆಂಗಸೊಬ್ಬಳು ಬಿಳಿ ಪಾಮೆರೇನಿಯನ್ನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮನ್ನಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದವಳು. ಹನ್ನೊಂದು ವರ್ಷದ ನಾಯಿ, ಎರಡು ತಿಂಗಳಿಂದ ಕೆಮ್ಮುತ್ತಿದೆ, ಗಂಟಲಿಗೆ ಏನೋ ಆಗಿದೆ ಎಂದು ಎಲ್ಲರೂ ಹೇಳುತ್ತಾರೆ ಎಂದಳು. ಮಾವ ದಾಟಿ ಹೋಗಲಿಲ್ಲ. ಆಕೆಯ ಪಕ್ಕ ಕೂತು, ಮಲಗಿದಾಗ ಹೇಗೆ ಉಸಿರಾಡುತ್ತದೆ, ಮೆಟ್ಟಿಲು ಹತ್ತುತ್ತದೆಯೇ, ಎಂದಾದರೂ ಬಿದ್ದಿದೆಯೇ ಎಂದು ಒಂದೊಂದಾಗಿ ಕೇಳತೊಡಗಿದರು.

"ಅಂಜಬ್ಯಾಡ್ರಿ," ಎಂದರು. "ಗಂಟಲಿನದೇ ಇರಬಹುದು. ಆದರ ಎದಿ ನೋಡ್ರಿ ಅಂತ ನೀವೇ ಹೇಳ್ರಿ ಡಾಕ್ಟರಬಾಯಿಗಿ. ನಾ ಹೇಳ್ಲಿಕ್ಕೆ ತಡಾ ಮಾಡಿದ್ದೆ."

ಅವಳ ಸರದಿ ಬರಲು ಇನ್ನೂ ಎಂಟು ಜನರಿದ್ದರು. ಮಾವ ಏಳುವ ಲಕ್ಷಣ ಕಾಣಲಿಲ್ಲ. ನಾನು ಔರಾದದ ಬಸ್ಸು ಹಿಡಿಯಲು ಒಬ್ಬಳೇ ಹೊರಟೆ.